ತಿಮ್ಮಯ್ಯನ ಕೈಗೆ ಹಚ್ಚೆ

ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ತಿಮ್ಮಯ್ಯನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಅವನನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣ್ಣಿಸುವುದು ಎಲ್ಲವೂ ಹೆಂಡತಿ ಅನುಸೂಯಮ್ಮನ ಪಾಲಿಗೆ ಬಂತು. ಜಾವಗಲ್ಲಿನ ಆ ಮನೆಯಲ್ಲಿ ಬೆಳಗಿನ ಕೆಲಸ ಮುಗಿಯುವಷ್ಟರಲ್ಲೇ ಅವಳ ಸೊಂಟ ಸೋತು ಹೋಗುತ್ತಿತ್ತು. ದಿನ ಇನ್ನೂ ಪೂರ್ತಿ ಬಾಕಿ ಇರುತ್ತಿತ್ತು.

ಒಂದು ದಿನ ಮೈ ಒರೆಸುತ್ತಿದ್ದಾಗ ಅವನು ಅವಳ ಮುಂಗೈ ಹಿಡಿದುಕೊಂಡ. ಅಲ್ಲೊಂದು ಬದನೆಕಾಯಿ ಬಣ್ಣದ ಪಟ್ಟೆಯಿತ್ತು.

"ಇದ್ರ ಕೆಳಗೆ ಅವನ ಹೆಸರು ಈಗ್ಲೂ ಐತೇನೇ?"

"ಎಲ್ಲೈತೆ? ನೀವೇ ಮುಚ್ಚಿಸಿದ್ರಲ್ಲ."

"ಮುಚ್ಚಿಸ್ದೆ. ಅಳಿಸ್ಲಿಲ್ವಲ್ಲ."

ಅವನು ಎಂದರೆ ಮರಿಯಣ್ಣ, ಅವಳ ಮೊದಲ ಗಂಡ. ಮದುವೆಯಾದ ಹೊಸದರಲ್ಲಿ ಹಾರನಹಳ್ಳಿಯ ಮನೆಗೆ ಹಚ್ಚೆಯವಳು ಬಂದಾಗ ಅತ್ತೆಯೇ ಕೂರಿಸಿ ಅವನ ಹೆಸರು ಬರೆಸಿದ್ದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಸೊಸೈಟಿಯಲ್ಲಿ ಸಕ್ಕರೆ ಕೊಡುವವನು ಕೇಳಿದರೆ ಅನುಸೂಯಮ್ಮ ನಾಚಿಕೊಂಡು ಕೈ ಚಾಚುತ್ತಿದ್ದಳು. ಮರಿಯಣ್ಣ ತೆಂಗಿನಮರದಿಂದ ಬಿದ್ದು ಸತ್ತ ಮೇಲೆ ಅಪ್ಪ ಅವಳನ್ನು ತಿಮ್ಮಯ್ಯನಿಗೆ ಎರಡನೇ ಸಂಬಂಧ ಮಾಡಿ ಕಳಿಸಿದ. ತಿಮ್ಮಯ್ಯ ಕೆಟ್ಟವನಲ್ಲ. ಆದರೆ ಮುದ್ದೆ ಬಡಿಸುವ ಕೈಯಲ್ಲಿ ಬೇರೊಬ್ಬನ ಹೆಸರು ಕಂಡರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ತಾನೇ ಮುಂದೆ ನಿಂತು ಅಕ್ಷರಗಳ ಮೇಲೆ ಒತ್ತಾಗಿ ಮಸಿ ಚುಚ್ಚಿಸಿದ. ಕೈ ಬಾತು ಕೀವಾಯಿತು. ಮುದ್ದೆ ತಿರುವಲಾಗದೆ ಅವಳು ಒಲೆ ಮುಂದೆ ಕೂತು ಅತ್ತಳು. ನೋವಿಗೋ, ಇನ್ನಾವುದಕ್ಕೋ ಎಂದು ಯಾರೂ ಕೇಳಲಿಲ್ಲ.

"ಸತ್ತಾಗ ಒಡವೆ ಬಿಚ್ಕತಾರೆ. ಹಚ್ಚೆ ಒಂದೇ ಜೊತೇಲಿ ಬರೋದು ಅಂತಾರೆ" ಎಂದ ತಿಮ್ಮಯ್ಯ. "ನಾಳೆ ನಾನೋಯ್ತೀನಿ. ಹಿಂದೆ ನೀನೂ ಬತ್ತೀಯ. ಬಂದು ಅವನತ್ರ ಹೋದ್ರೆ?"

ಅನುಸೂಯಮ್ಮ ಬಟ್ಟೆ ಹಿಂಡಿದಳು. "ಒಲೆ ಮೇಲೆ ಬೇಳೆ ಐತೆ, ಸೀದೋಯ್ತದೆ" ಎಂದು ಎದ್ದು ಹೋದಳು.

ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ. "ನನ್ನ ಹೆಸರು ಹಾಕಿಸ್ಕಳೇ" ಎಂದು ಅತ್ತ, ಊಟ ಬಿಟ್ಟ. ಒಮ್ಮೆ ಅವನ ಕಣ್ಣು ಅವಳ ಇನ್ನೊಂದು ಕೈಯ ಮೇಲಿದ್ದ ತೊಟ್ಟಿಲ ಹಚ್ಚೆಯ ಮೇಲೆ ಬಿತ್ತು.

"ಅದೂ ಅವನ ಕಾಲದ್ದೇನಾ?"

ಗಂಜಿ ಕಲಸುತ್ತಿದ್ದ ಅವಳ ಕೈ ನಿಂತಿತು.

"ಇಷ್ಟು ವರ್ಷಕ್ಕೆ ಈಗ ಕೇಳ್ತಿದೀರಾ? ಅದು ನಿಮ್ಮ ಮಗಳದು ಕಣ್ರೀ. ಹೆಸರಿಡೋಕ್ ಮುಂಚೇನೇ ಹೋಯ್ತಲ್ಲ, ಆ ಕೂಸಿಂದು. ಹೆಣ್ಣು ಅಂತ ನೀವು ತೊಟ್ಟಿಲು ತರ್ಲಿಲ್ಲ. ನಾನು ಕೈಮೇಲೆ ಹಾಕಿಸ್ಕಂಡೆ."

ತಿಮ್ಮಯ್ಯ ಗೋಡೆ ಕಡೆ ಮುಖ ಮಾಡಿದ. ಜಗಳಕ್ಕೆ ಅವಳಿಗೂ ಶಕ್ತಿ ಇರಲಿಲ್ಲ.

ಆದರೂ ಅವನು ಬಿಡಲಿಲ್ಲ. ನಿದ್ದೆಯಲ್ಲೂ ಕನವರಿಸತೊಡಗಿದ. ಸಂತೆಯ ದಿನ ಅನುಸೂಯಮ್ಮ ಪಕ್ಕದ ಮನೆಯ ಓರಗಿತ್ತಿ ಶಾಂತಾದೇವಿಯನ್ನು ಅವನ ಬಳಿ ಕೂರಿಸಿ, ಹಚ್ಚೆಯ ಹನುಮಯ್ಯನನ್ನು ಹುಡುಕಿಕೊಂಡು ಹೋದಳು. ಅರಸೀಕೆರೆಯಿಂದ ಬರುತ್ತಿದ್ದ ಅವನ ಹತ್ತಿರ ಈಗ ಬ್ಯಾಟರಿಯ ಮಿಷಿನ್ ಇತ್ತು.

"ಕೈ ಕೊಡಮ್ಮ. ಯಾವ ಹೆಸರು?"

ಅವಳು ಕೈ ಚಾಚಿದಳು. ಹನುಮಯ್ಯ ಜಾಗ ಹುಡುಕುತ್ತಾ ಅವಳ ತೋಳನ್ನು ಆಕಡೆ ಈಕಡೆ ತಿರುಗಿಸಿ ನೋಡಿದ. ತಕ್ಕಡಿಯ ಮುಂದೆ ತರಕಾರಿ ತಿರುಗಿಸಿದಂತೆ. ಅವಳಿಗೆ ಇದ್ದಕ್ಕಿದ್ದಂತೆ ಎಲ್ಲ ಸಾಕೆನಿಸಿತು. ಕೈ ಹಿಂದಕ್ಕೆ ಎಳೆದುಕೊಂಡಳು.

"ನನಗಲ್ಲ. ಮನೇತಂಕ ಬಾರಪ್ಪ."

ಮನೆಗೆ ಬಂದವಳು ಮಂಚ ತೋರಿಸಿದಳು. "ಇವ್ರಿಗೆ ಹಾಕು. ಅನುಸೂಯಮ್ಮ ಅಂತ."

ತಿಮ್ಮಯ್ಯ ಕಣ್ಣು ಕಣ್ಣು ಬಿಟ್ಟ. "ಗಂಡಸ್ರು ಎಲ್ಲಾದ್ರೂ ಹೆಂಡ್ತಿ ಹೆಸರು ಹಾಕಿಸ್ಕತಾರೇನೇ?"

"ನನ್ನೆಸ್ರು ನಿಮ್ಮ ಕೈಲಿದ್ರೆ ಅಲ್ಲಿ ನೀವೇ ನನ್ನ ಹುಡುಕ್ಕಂಡು ಬರ್ಬೋದು. ನನ್ನ ಕೈಲಿ ಇನ್ನು ಆಗಲ್ಲ. ಸಾಕಾಗೋಗೈತೆ."

ಶಾಂತಾದೇವಿ ಸೆರಗು ಬಾಯಿಗಿಟ್ಟುಕೊಂಡಳು. ತಿಮ್ಮಯ್ಯ ಬಲಗೈಯಿಂದ ಸತ್ತ ಎಡಗೈಯನ್ನು ಎತ್ತಿ ಹನುಮಯ್ಯನ ಮುಂದಿಟ್ಟ.

"ಇದಕ್ಕಾಕು."

"ಅದಕ್ಕೆ ನೋವೇ ಗೊತ್ತಾಗಲ್ಲ" ಎಂದಳು ಅನುಸೂಯಮ್ಮ. "ಬಲಗೈ ಕೊಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಅವನು ಬಲಗೈ ಕೊಟ್ಟ.

ಮಿಷಿನ್ ಗುಂಯ್‌ಗುಟ್ಟಿತು. ಮೊದಲ ಅಕ್ಷರಕ್ಕೆ ತಿಮ್ಮಯ್ಯ ತುಟಿ ಕಚ್ಚಿದ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಮೂರನೆಯದು ಮುಗಿಯುವಾಗ "ಸಾಕು ಕಣಪ್ಪಾ, ನಿಲ್ಸು" ಎಂದ.

"ಅನುಸೂ ಅಂತ ಬಿಟ್ರೆ ಅರ್ಧ ಆಯ್ತದಲ್ಲಮ್ಮ?" ಹನುಮಯ್ಯ ಅವಳ ಮುಖ ನೋಡಿದ.

"ಇರ್ಲಿ ಬಿಡು."

ಎಲ್ಲರೂ ಹೋದ ಮೇಲೆ ಅವಳು ಅವನ ಕೈಗೆ ಕೊಬ್ಬರಿ ಎಣ್ಣೆ, ಅರಿಶಿನ ಸವರಿದಳು.

"ನಿಂಗೂ ಹಿಂಗೇ ಉರೀತಿತ್ತಾ?"

"ಹೂಂ."

"ನಿಂದು ಕೀವೂ ಆಗಿತ್ತಲ್ವಾ?"

"ಆಗಿತ್ತು."

ಗೋಡೆಗೆ ಒರಗಿದವಳಿಗೆ ಹಾಗೇ ಜೊಂಪು ಹತ್ತಿತು.

ಮರಿಯಣ್ಣನ ಮಾತನ್ನು ತಿಮ್ಮಯ್ಯ ಆಮೇಲೆ ಎತ್ತಲಿಲ್ಲ. ಆ ಮಧ್ಯಾಹ್ನ ಅವಳು ಇನ್ನೂ ಜೊಂಪಿನಲ್ಲಿದ್ದಾಗಲೇ ಅವನಿಗೆ ಬಾಯಾರಿಕೆಯಾಯಿತು. ಎಂದಿನಂತೆ ಕೂಗಲು ಹೊರಟವನು ಅವಳ ಕಡೆ ನೋಡಿದ. ಬಾಯಿ ತೆರೆದುಕೊಂಡು, ಕತ್ತು ವಾಲಿಸಿಕೊಂಡು ಮಲಗಿದ್ದಳು. ಅವನು ಉರಿಯುವ ಕೈಯನ್ನೇ ನಿಧಾನವಾಗಿ ಚಾಚಿ ನೀರಿನ ಲೋಟ ಎಳೆದುಕೊಂಡ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಅವಳನ್ನು ಎಬ್ಬಿಸಲಿಲ್ಲ.