ಎರಡೂ ಕಿವಿಯಿದ್ದ ಕರಡಿ

ಸತ್ತ ಕರಡಿಯನ್ನು ಟ್ರ್ಯಾಕ್ಟರಿನಲ್ಲಿ ತಂದು ಚರ್ಚಿನ ಮುಂದೆ ನಿಲ್ಲಿಸಿದಾಗ ಸವೇತಾ ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟು ತಿರುವುತ್ತಿದ್ದಳು. ಕರೆಯಲು ಮೇಯರ್ ಗವ್ರಿಲನೇ ಬಂದ.

"ಸವೇತಕ್ಕಾ, ಬಾ. ನೀನೊಂದ್ಸಲ ನೋಡಿ ಹೂಂ ಅಂದ್ಬಿಡು. ಟೀವಿಯವರೂ ಬಂದಿದಾರೆ."

ಹಿಂದಿನ ಶರತ್ಕಾಲದಲ್ಲಿ ಅವಳ ಗಂಡ ತೋಯಾದೆರ್ ಸೇಬಿನ ತೋಟದಲ್ಲಿ ಕರಡಿಗೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ. ಕೊಡಲಿ ಬೀಸಿ ಅದನ್ನು ಓಡಿಸಿದವಳು ಇವಳೇ. ಆ ಏಟಿಗೆ ಅದರ ಎಡಗಿವಿ ಹಾರಿಹೋದದ್ದನ್ನು ಕಂಡವರು ಗಂಡ ಹೆಂಡತಿ ಇಬ್ಬರೇ. ಅಂದಿನಿಂದ ಊರು ಎರಡು ಹೋಳು. ಕೊಂದೇ ತೀರಬೇಕು ಅನ್ನುವವರೇ ಹೆಚ್ಚು. ಕಸದ ತೊಟ್ಟಿ ತೆರೆದಿಟ್ಟು ಕರಡಿಗೆ ರುಚಿ ಹತ್ತಿಸಿದವರು ನಾವೇ ಅಂದ ಶಾಲೆಯ ಮೇಷ್ಟ್ರ ಬಾಗಿಲಿಗೆ ಯಾರೋ ಸಗಣಿ ಬಳಿದಿದ್ದರು. ಎಂಟು ತಿಂಗಳ ಅರ್ಜಿಗಳ ಮೇಲೆ ಒಂದೇ ಒಂದು ಕರಡಿ ಹೊಡೆಯಲು ಸರ್ಕಾರದ ಅಪ್ಪಣೆ ಬಂದಿತ್ತು.

ಸವೇತಾ ಬಗ್ಗಿ ನೋಡಿದಳು. ಸಣ್ಣ ಮೈಯ ಹೆಣ್ಣು ಕರಡಿ. ತುಪ್ಪಳದಡಿ ಮೊಲೆಗಳಲ್ಲಿ ಹಾಲಿತ್ತು. ಎರಡು ಕಿವಿಯೂ ನೆಟ್ಟಗಿದ್ದವು.

"ಏನಕ್ಕಾ, ಗುರುತು ಸಿಗ್ಲಿಲ್ವಾ?" ಪಕ್ಕದ ಮನೆಯ ಫ್ರೂಸಿನಾ ನಕ್ಕಳು. "ನೆಂಟಸ್ತಿಕೆ ಮರ್ತೇ ಹೋಯ್ತಾ?"

ಎಲ್ಲರೂ ನಕ್ಕರು. ಯಾರೋ ಪ್ಲಮ್ ಸಾರಾಯಿಯ ಲೋಟ ಕೈಗಿಟ್ಟರು. ಇಷ್ಟೊಂದು ನಗುಮುಖಗಳನ್ನು ಅವಳು ಒಟ್ಟಿಗೆ ಕಂಡು ವರ್ಷವಾಗಿತ್ತು.

"ಹೂಂ, ಇದೇ," ಅಂದಳು.

ಮನೆಯಲ್ಲಿ ತೋಯಾದೆರ್ ಕೇಳಿದ್ದು ಒಂದೇ ಮಾತು: "ಕಿವಿ?"

"ಎರಡೂ ಇತ್ತು."

"ಮತ್ತೆ ಹೂಂ ಅಂದ್ಯಾ?"

"ಎಲ್ರೂ ನನ್ನ ಬಾಯನ್ನೇ ನೋಡ್ತಾ ನಿಂತಿದ್ರು."

ಅವನು ತಟ್ಟೆಯನ್ನು ಆಚೆ ತಳ್ಳಿದ.

ಬೆಳಗಾಗುತ್ತಲೇ ಸವೇತಾ ಗವ್ರಿಲನ ಮನೆಗೆ ಓಡಿ ನಿಜ ಹೇಳಿದಳು. ಅವನು ಬಾಗಿಲು ಮುಂದೆ ಮಾಡಿಕೊಂಡು ಪಿಸುಗುಟ್ಟಿದ: "ಅಪ್ಪಣೆ ಇದ್ದದ್ದು ಒಂದಕ್ಕೆ, ಅದು ಮುಗೀತು. ತಾಯಿ ಕರಡಿ ಹೊಡೆದ್ರು ಅಂತ ಗೊತ್ತಾದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ. ಬಾಯಿ ಮುಚ್ಕೊಂಡಿರಕ್ಕಾ, ನಿಂಗೆ ಕೈ ಮುಗೀತೀನಿ."

ವಾಪಸು ಬರುವಾಗ ಮೂವರು ಹೆಂಗಸರು ಬಕೆಟ್ ಹಿಡಿದು ರಾಸ್ಪ್‌ಬೆರಿ ಹಣ್ಣಿಗೆಂದು ಗುಡ್ಡ ಹತ್ತುತ್ತಿದ್ದರು, ಹೆದರಿಕೆ ಬಿಟ್ಟು. ಸವೇತಾ ಅಡ್ಡ ನಿಂತಳು.

"ಹೋಗ್ಬೇಡಿ. ನಿನ್ನೆ ನಾನು ಸುಳ್ಳು ಹೇಳ್ದೆ. ಅದು ಇನ್ನೂ ಮೇಲೇ ಇದೆ."

ಇಬ್ಬರು ಮುಖ ಮುಖ ನೋಡಿಕೊಂಡು ಹಿಂದಿರುಗಿದರು. ಫ್ರೂಸಿನಾ ಮಾತ್ರ ಸೊಂಟಕ್ಕೆ ಕೈ ಕೊಟ್ಟಳು.

"ನಿನ್ನೆ ಹೂಂ, ಇವತ್ತು ಊಹೂಂ! ಒಳ್ಳೆ ಹಣ್ಣೆಲ್ಲ ನಿನಗೇ ಬೇಕೇನೋ?"

ಸವೇತಾ ತೋಳು ಹಿಡಿದೆಳೆದರೂ ಕೊಡವಿಕೊಂಡು ನಡೆದಳು.

ಹತ್ತು ಗಂಟೆಯ ಸುಮಾರಿಗೆ ಮೇಲಿನಿಂದ ಒಂದು ಕೂಗು ಕೇಳಿತು. ಒಂದೇ. ಸವೇತಾ ಕೊಡಲಿ ಹಿಡಿದು ಓಡಿದಳು, ಹಿಂದೆಯೇ ಮೇಷ್ಟ್ರು. ಪೊದೆಗಳು ಮಲಗಿಹೋಗಿದ್ದವು. ಇಬ್ಬರೂ ಸೇರಿ ಫ್ರೂಸಿನಾಳನ್ನು ಹೊತ್ತು ತಂದರು. ಡಾಂಬರು ರಸ್ತೆ ಮುಟ್ಟುವವರೆಗೆ ಅವಳಿಗೆ ಉಸಿರಿತ್ತು.

ಮಧ್ಯಾಹ್ನದ ಹೊತ್ತಿಗೆ ಊರ ಗಂಡಸರು ಅಟ್ಟದಿಂದ ಬಂದೂಕು ಇಳಿಸಿದರು. ಅಪ್ಪಣೆಯ ಮಾತನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ದಾರಿಗಡ್ಡ ನಿಂತು ಏನೋ ಹೇಳಹೋದರು. ಗಂಡಸರು ಅವರನ್ನು ಪಕ್ಕಕ್ಕೆ ನೂಕಿ ನಡೆದರು.

ಮೊದಲು ಒಂದು ಗುಂಡಿನ ಸದ್ದು ಬಂತು. ಆಮೇಲೆ ಒಂದರ ಬೆನ್ನಿಗೊಂದು, ಕಣಿವೆಯ ಈ ಮಗ್ಗುಲಲ್ಲಿ, ಆ ಮಗ್ಗುಲಲ್ಲಿ.

"ಕಿಟಕಿ ಹಾಕೇ," ಅಂದ ತೋಯಾದೆರ್.

ಸವೇತಾ ಎದ್ದು ಹೋದಳು. ಚಿಲಕ ಹಿಡಿದವಳಿಗೆ ಹಾಕಲು ಕೈ ಬರಲಿಲ್ಲ.