ಗಣಪನ ಕೈಯ ಇಕ್ಕಳ

"ಏ ಬೋಳಿಮಗನೇ, ನೋಡ್ತಾ ನಿಂತಿದ್ದೀಯಲ್ಲ! ಅವನ ಕೈಲಿರೋ ಇಕ್ಕಳ ಕಿತ್ತುಹಾಕು. ನಿನ್ನ ಕತ್ತಿ ಹಿಡಿಸು."

ಕರೆಂಟಿನ ಸಾಹೇಬ ಹೀಗೆ ಅರಚುವಾಗ ನನ್ನ ಭಾವ ಗಣಪ ಕಂಬದ ಬುಡದಲ್ಲಿ ಹೆಣವಾಗಿದ್ದ. ಮೈ ಇನ್ನೂ ತಣ್ಣಗಾಗಿರಲಿಲ್ಲ. ನಮ್ಮ ಜೊತೆಗೇ ಕೂಲಿಗೆ ಬರುವ ನನ್ನ ತಂಗಿ ದುರ್ಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಕ್ಕಳ ಹಿಡಿದ, ಸುಟ್ಟು ಕಪ್ಪಾದ ಮುಷ್ಟಿಗೆ ಉಫ್ ಉಫ್ ಎಂದು ಊದುತ್ತಿದ್ದಳು.

ಮಾಗೋಡು ರಸ್ತೆಯಲ್ಲಿ ಮರ ಬಿದ್ದು ತಂತಿ ಹರಿದಿತ್ತು. ಕೊಂಬೆ ಕಡಿಯುವುದು, ಗುಂಡಿ ತೋಡುವುದು, ಕಂಬ ಹೊರುವುದು ಗುತ್ತಿಗೆ ಆಳುಗಳಾದ ನಮ್ಮ ಪಾಲು. ತಂತಿ ಮುಟ್ಟುವುದು ಲೈನ್‌ಮನ್ ರಾಘುವಿನ ಪಾಲು; ರಬ್ಬರ್ ಗ್ಲೌಸೂ ಅವನಿಗೇ. ಆದರೆ ಕಂಬ ಹತ್ತುವ ಹೊತ್ತಿಗೆ ರಾಘುವಿಗೆ ಯಾವತ್ತೂ ಸೊಂಟನೋವು. "ನೀ ಹತ್ತ ಮಾರಾಯ ಗಣಪಾ. ಲೈನ್ ಬಂದ್ ಮಾಡ್ಸಾಯ್ತು," ಅಂದಿದ್ದ. ಬಂದ್ ಆಗಿರಲಿಲ್ಲ.

"ರಾಘಣ್ಣ, ನೀವೇ ಹತ್ಸಿದ್ದು ಹೌದಾ ಅಲ್ದಾ? ಬಾಯಿ ಬಿಡ್ರಿ," ಅಂದೆ.

ರಾಘು ಜೀಪಿನ ಚಕ್ರ ನೋಡುತ್ತ ನಿಂತ. ಗ್ಲೌಸು ಅವನ ಹಿಂದಿನ ಜೇಬಿನಲ್ಲಿ ನೇತಾಡುತ್ತಿತ್ತು.

"ಅವನನ್ನೇನು ಕೇಳ್ತೀಯ?" ಸಾಹೇಬ ನಡುವೆ ಬಂದ. "ತಂತಿ ನಿಮ್ಮ ಕೆಲಸ ಅಲ್ಲ. ಕೊಂಬೆ ಕಡಿಯೋಕೆ ಹತ್ತಿದ, ಅವನೇ ಹೋಗಿ ತಂತಿಗೆ ಬಡ್ಕೊಂಡ. ಅಷ್ಟೇ. ಪೊಲೀಸ್ರ ಕಣ್ಣಿಗೆ ಇಕ್ಕಳ ಬೀಳಬಾರ್ದು, ಅವ್ರು ಬರೋದ್ರೊಳಗೆ ಕತ್ತಿ ಹಿಡಿಸು."

ದುರ್ಗಿ ತಲೆ ಎತ್ತಿದಳು. "ಅಣ್ಣಾ, ಇವ್ರು ಒಲ್ಲೆ ಅಂದ್ರೂ ಹತ್ಸಿದ್ರು. ಸತ್ತ ಮೇಲೂ ತಪ್ಪು ಇವ್ರದ್ದೇ ಆಗೂದು ಬ್ಯಾಡ. ಕತ್ತಿ ಕೊಡ್ಬ್ಯಾಡ."

ನಮ್ಮ ಕಡೆ ಗಂಡಸು ಕೆಲಸಕ್ಕೆ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇರಲೇಬೇಕು. ನನ್ನದು ಅಪ್ಪ ಹಿಡಿದು ಸವೆಸಿದ್ದು. ತೆಗೆದು ರಸ್ತೆ ಕೆಳಗಿನ ಕಣಿವೆಗೆ ಎಸೆದೆ. ಗ್ಯಾಂಗಿನ ಉಳಿದ ಆಳುಗಳೂ ಒಬ್ಬೊಬ್ಬರೇ ಮುಂದೆ ಬಂದು ತಮ್ಮ ತಮ್ಮದನ್ನೂ ಎಸೆದರು.

"ಸೂಳೆಮಕ್ಳಾ, ನಾಳೆಯಿಂದ ಒಬ್ಬರಿಗೂ ಕೆಲಸ ಇಲ್ಲ!"

ಉಳಿದದ್ದು ಗಣಪನ ಕತ್ತಿ. ಕಂಬ ಹತ್ತುವ ಮುಂಚೆ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳ ಪಕ್ಕದಲ್ಲಿ ಬಿದ್ದಿದ್ದ ಅದಕ್ಕೆ ಸಾಹೇಬ ಕೈ ಚಾಚಿದ. ದುರ್ಗಿ ಸರಕ್ಕನೆ ಎತ್ತಿ ಎದೆಗೆ ಅವುಚಿಕೊಂಡಳು. ಗಂಡ ಬೆಳಿಗ್ಗೆ ಮಸೆದ ಅಲಗಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಎದ್ದು ಹೋಗಿ ಅದನ್ನೂ ಎಸೆದಳು.

ಬಿದ್ದ ಸದ್ದೂ ಕೇಳಲಿಲ್ಲ. ಅವಳು ವಾಪಸು ಬಂದು ಗಣಪನ ತಲೆಯನ್ನು ತೊಡೆಗೆ ಎಳೆದುಕೊಂಡಳು, ಮತ್ತೆ ಆ ಮುಷ್ಟಿಗೆ ಊದತೊಡಗಿದಳು.