ತಪೇಲಿಯ ತಳದ ಹಸಿರು

"ಅಯ್ಯಯ್ಯೋ! ನನ್ನ ಕೂಸಿಗೆ ಯಾರೋ ವಿಷ ಹಾಕ್ಯಾರ್ರೋ!"

ಮಟಕಿ ಎಂಬ ಹಳ್ಳಿಯ ನಿಂಬೆವ್ವ ಬೀದಿಗೆ ಬಂದು ಎದೆ ಬಡಿದುಕೊಂಡಳು. ಸೋಮವಾರದ ಒಪ್ಪತ್ತೆಂದು ಅವಳು ಏನೂ ತಿಂದಿರಲಿಲ್ಲ. ನಿನ್ನೆ ಉಳಿದ ಬೇಳೆ ಸಾರಿಗೆ ಎಲ್ಲರಿಗಿಂತ ಮೊದಲು ರೊಟ್ಟಿ ಅದ್ದಿ ತಿಂದ ಮೊಮ್ಮಗಳು ಚಂದವ್ವ ವಾಂತಿ ಮಾಡಿ ಮಾಡಿ ಬಿದ್ದುಬಿಟ್ಟಳು. ಮಗ ಗುರಣ್ಣ, ಸೊಸೆ ಇಬ್ಬರೂ ಬಂಡಿ ಕಟ್ಟಿಕೊಂಡು ಆಕೆಯನ್ನು ಆಳಂದದ ದವಾಖಾನೆಗೆ ಒಯ್ದಿದ್ದರು. ಓಣಿಗೆ ಓಣಿಯೇ ದಂಗಾಗಿ ನಿಂತಿತ್ತು.

"ಸಾರಿಗಿ ಹುಣಸಿಹಣ್ಣು ಎಲ್ಲೀದು?" ಯಾರೋ ಕೇಳಿದರು.

"ಬಾಜೂ ಮನಿ ಜೈತುನಬಿ ಕೊಟ್ಟಿದ್ದು" ಎಂದುಬಿಟ್ಟಳು ನಿಂಬೆವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅದು ೧೯೪೮. ಹಿಂದೂ-ಮುಸ್ಲಿಂ ಗದ್ದಲದ ದಿನಗಳು ಈಗಷ್ಟೇ ಕಳೆದಿದ್ದವು. ಜೈತುನಬಿಯ ಗಂಡ, ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವ ಖಾದರಸಾಬ, ಅಂಜಿ ಮನೆಬಿಟ್ಟು ಹೊರಬಿದ್ದಿರಲಿಲ್ಲ. ಈ ಮಾತು ಬಾಯಿಂದ ಬಾಯಿಗೆ ಹೋದರೆ ಆ ಮನೆಯವರ ಗತಿಯೇನು?

ಅಷ್ಟರಲ್ಲಿ ಜೈತುನಬಿಯೇ ಬಂದಳು. ಸೀದಾ ಒಳಗೆ ಹೋಗಿ, ಅದೇ ಹುಣಸೆಹಣ್ಣು ಚಿವುಟಿ ಬಾಯಿಗೆ ಹಾಕಿಕೊಂಡು ನುಂಗಿದಳು.

"ಈಗ ಸಾರಿನ ತಪೇಲಿ ತರ್ರಿ, ಅಕ್ಕಾ."

ಸಾರು ಚೆಲ್ಲಿ ತಾಮ್ರದ ತಪೇಲಿಯನ್ನು ಬಿಸಿಲಿಗೆ ಹಿಡಿದರೆ, ಕಲಾಯಿಯ ಬಿಳುಪು ಎಲ್ಲಿದೆ? ಒಳಗೆಲ್ಲ ಕೆಂಪು, ತಳದಲ್ಲಿ ಹಸಿರು ಕಿಲುಬು!

"ಕಲಾಯಿ ಹೋದ ತಾಮ್ರಕ್ಕ ಹುಳಿ ತಾಗಿದ್ರ ಕಿಲಬು ಬಿಡ್ತೈತ್ರಿ. ರಾತ್ರಿಯೆಲ್ಲಾ ಇದರಾಗ ಸಾರು ಇಟ್ಟೀರಿ. ವಿಷ ಅಂದ್ರ ಇದೇ."

"ನಮ್ಮತ್ತಿ ಕಾಲದ ತಪೇಲಿ ಬೇ! ಇಷ್ಟು ದಿನ ಏನೂ ಆಗಿಲ್ಲ!"

"ಇಷ್ಟು ದಿನ ನಮ್ಮವರು ಬಂದು ಕಲಾಯಿ ಹಾಕ್ತಿದ್ರು. ಈ ಸಲ ಯಾರು ಕರದ್ರಿ?"

ನಿಂಬೆವ್ವ ತಪೇಲಿಯ ತಳವನ್ನು ಬೆರಳಿಂದ ಉಜ್ಜಿ ನೋಡಿದಳು. ಸಾರನ್ನು ಅದರಲ್ಲಿ ಸುರಿದಿಟ್ಟವಳು ತಾನೇ!

ಓಣಿಯವರ ಅನುಮಾನ ಕಳೆಯಲೆಂದು ಜೈತುನಬಿ ಅಲ್ಲೇ ಮಣ್ಣಿನ ಗಡಿಗೆಯಲ್ಲಿ ತೊಗರಿಬೇಳೆ ಬೇಯಲಿಟ್ಟಳು. ಚಿಟಿಕೆ ಅರಿಶಿನ, ಹನಿ ಎಣ್ಣೆ. ಮೆತ್ತಗಾದ ಬೇಳೆಯನ್ನು ಕಡೆದು, ನೀರು ಬೆರೆಸಿ, ಉಪ್ಪು, ಖಾರ, ಅದೇ ಹುಣಸೆಹಣ್ಣಿನ ರಸ ಹಾಕಿ ಕುದಿಸಿದಳು. "ಹುಳಿ ಕಡೀಕ ಹಾಕ್ರಿ, ಮೊದಲೇ ಹಾಕಿದ್ರ ಬ್ಯಾಳಿ ಬೇಯೂದಿಲ್ಲ" ಎನ್ನುತ್ತ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು. ಮೊದಲ ಬಟ್ಟಲು ತಾನೇ ಕುಡಿದಳು. ಎರಡನೆಯದನ್ನು ನಿಂಬೆವ್ವ, ಒಪ್ಪತ್ತು ಬದಿಗಿಟ್ಟು, ಓಣಿಯವರೆಲ್ಲರ ಎದುರಿಗೆ ಕುಡಿದಳು.

ಮರುದಿನ ಬಂಡಿ ಬಂತು. ಸೋತು ಸೊಪ್ಪಾಗಿದ್ದರೂ ಚಂದವ್ವ ಕಣ್ಣು ಬಿಟ್ಟು, "ಆಯೀ, ಹಸಿವ್ಯಾಗ್ಯೈತಿ" ಎಂದಳು. ಅವಳನ್ನು ಅವುಚಿಕೊಂಡು ನಿಂಬೆವ್ವ ಗೊಳೋ ಎಂದು ಅತ್ತಳು. ಆಮೇಲೆ ತಪೇಲಿ ಎತ್ತಿಕೊಂಡು ನೇರ ಖಾದರಸಾಬನ ಬಾಗಿಲಿಗೆ ಹೋದಳು.

"ಬಾಯಿ ತಪ್ಪಿ ಅಂದೆ, ತಪ್ಪಾತು. ಬರ್ರಿ ಖಾದರಣ್ಣ, ನನ್ನ ಅಂಗಳದಾಗ ಕಲಾಯಿ ಒಲಿ ಹೂಡ್ರಿ. ಯಾರೇನಂತಾರ ನಾ ನೋಡ್ತೇನಿ!"

ತಾಯಂದಿರೇ, ಇವತ್ತೇ ನಿಮ್ಮ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಬೆಳಕಿಗೆ ಹಿಡಿಯಿರಿ. ಕಲಾಯಿ ಹೋಗಿದ್ದರೆ ಹುಳಿ ಸಾರು ಅದರಲ್ಲಿ ಮಾಡಲೂ ಬೇಡಿ, ಇಡಲೂ ಬೇಡಿ. ಮಣ್ಣಿನ ಗಡಿಗೆ ಸಾಕು. ವಾಂತಿ ಶುರುವಾದರೆ ತಡಮಾಡದೆ ದವಾಖಾನೆಗೆ ಹೋಗಿ. ಮತ್ತೆ, ನೆರೆಮನೆಯತ್ತ ಬೆರಳು ತೋರಿಸುವ ಮೊದಲು ನಿಮ್ಮ ಪಾತ್ರೆಯ ತಳ ನೋಡಿಕೊಳ್ಳಿ.